ಪೋಸ್ಟರ್ ಬೇಡ, ಅವರ ಡ್ರಮ್ಮಿನ ನೀರೇ ಸಾಕು: ಲಾವೋಸ್‌ನ ಹ್ಮಾಂಗ್ ಹಳ್ಳಿಯಲ್ಲಿ ಡೆಂಗ್ಯೂ ಪಾಠ

ಪ್ರಶ್ನೆ: ನಾನು ಹಾಸನದವಳು, ಮೊದ್ಲು ಹೈಸ್ಕೂಲಲ್ಲಿ ಸೈನ್ಸ್ ಟೀಚರ್ ಆಗಿದ್ದೆ. ಈಗ ಯಜಮಾನ್ರ ಕೆಲಸದ ಮೇಲೆ ಲಾವೋಸ್‌ನ ವಿಯೆಂಟಿಯಾನ್‌ನಲ್ಲಿದ್ದೀವಿ. ಇಲ್ಲಿಂದ ಉತ್ತರಕ್ಕೆ ಹೋಗೋ ಹೈವೇ ಪಕ್ಕದ ಹ್ಮಾಂಗ್ ಅನ್ನೋ ಬೆಟ್ಟದ ಬುಡಕಟ್ಟಿನವರ ಒಂದು ಹಳ್ಳಿ ಶಾಲೆಗೆ ವಾಲಂಟಿಯರ್ ಆಗಿ ಹೋಗ್ತೀನಿ. ಡೆಂಗ್ಯೂ ಬಗ್ಗೆ ಲಾವೋ ಭಾಷೆಯ ಫ್ಲಿಪ್‌ಚಾರ್ಟ್ ಇಟ್ಕೊಂಡು ಎಲ್ಲಾ ಹೇಳಿದ್ವಿ, ಎಲ್ಲರೂ ತಲೆ ಆಡಿಸಿದ್ರು, ಮುಂದಿನ ವಾರ ಹೋದ್ರೆ ಅದೇ ಡ್ರಮ್, ನೀರಲ್ಲಿ ಅದೇ ಸೊಳ್ಳೆ ಹುಳ. ಕೈಯಿಂದ ಮಾಡಿ ಕಲಿಯೋ ಥರ ಹೇಗೆ ಹೇಳ್ಕೊಡೋದು? ಜ್ವರ ಬಂದ್ರೆ ಪೂಜೆ ಮಾಡಿಸ್ತಾರೆ, ಅದನ್ನ ಬೇಡ ಅನ್ನಬೇಕಾ? ಮುಂದಿನ ವರ್ಷ ಷಿಯೆಂಗ್ ಖ್ವಾಂಗ್ ಪ್ರಾಂತ್ಯದ ಕಡೆ ಒಂದು ಶಾಲೆಗೂ ಹೋಗೋದಿದೆ. ಪೋಸ್ಟರ್ ಪ್ರಿಂಟ್ ಮಾಡ್ಸೋಕೆ ಸ್ವಲ್ಪ ದುಡ್ಡು ಸಿಕ್ಕಿದೆ, ಮಾಡಿಸ್ಲಾ?

ಉತ್ತರ: ಮೇಡಂ, ಕೊನೆ ಪ್ರಶ್ನೆಗೆ ಮೊದ್ಲು ಹೇಳ್ಬಿಡ್ತೀನಿ, ಯಾಕಂದ್ರೆ ಅದು ದುಡ್ಡಿನ ವಿಷ್ಯ. ಪ್ರಿಂಟ್ ಮಾಡಿಸ್ಬೇಡಿ. ಆ ದುಡ್ಡಲ್ಲಿ ಒಂದಷ್ಟು ಟಾರ್ಚ್, ಬಿಳಿ ಪ್ಲಾಸ್ಟಿಕ್ ಬಟ್ಟಲು, ಉದ್ದ ಹಿಡಿ ಇರೋ ಗಟ್ಟಿ ಬ್ರಷ್ಷು, ಸೊಳ್ಳೆ ಪರದೆ ಬಟ್ಟೆ, ಎಲಾಸ್ಟಿಕ್ ತಗೊಳ್ಳಿ. ಉಳಿದ್ರೆ ನಿಮ್ ಜೊತೆ ಬಂದು ಹ್ಮಾಂಗ್ ಭಾಷೆಲಿ ಮಾತಾಡೋ ಒಬ್ಬ ಹುಡುಗಿಗೆ ದಿನಗೂಲಿ ಕೊಡಿ.

ತಲೆ ಆಡಿಸಿದ್ರು ಅಂದ್ರಲ್ಲ, ಅದು ಮರ್ಯಾದೆ ಅಷ್ಟೇ, ಬಂದಿರೋ ಮೇಷ್ಟ್ರಿಗೆ ನಮ್ಮೂರಲ್ಲೂ ಹಾಗೇ ತಲೆ ಆಡಿಸ್ತಾರೆ. ಲಾವೋಸ್ ಜನಸಂಖ್ಯೇಲಿ ಹ್ಮಾಂಗ್ ಜನ ಹೆಚ್ಚುಕಮ್ಮಿ ನೂರಕ್ಕೆ 9ರಷ್ಟಿದ್ದಾರೆ, ಅವರಲ್ಲಿ ವಯಸ್ಸಾದ ಹೆಂಗಸರಿಗೆ, ಅಂದ್ರೆ ಮನೆ ನೀರಿನ ಯಜಮಾನಿಕೆ ಯಾರ ಕೈಲಿದೆಯೋ ಅವರಿಗೆ, ಲಾವೋ ಓದೋಕೆ ಬರೋದು ಕಮ್ಮಿ. ಅವರ ಭಾಷೆಗೆ ಈಗ ಬಳಕೆಲಿರೋ ರೋಮನ್ ಲಿಪಿ ಬಂದಿದ್ದೇ 1950ರ ದಶಕದಲ್ಲಿ. ಹೊಲಿಗೆ, ಕಸೂತಿ, ಕ್ಯೇಂಗ್ ವಾದ್ಯ, ಗಿಡಮೂಲಿಕೆ, ಎಲ್ಲಾ ಪಕ್ಕದಲ್ಲಿ ಕೂತು ನೋಡಿ, ಕೈಲಿ ಮಾಡಿ ಕಲ್ತಿರೋದು. ಹಾಗಾಗಿ ಕೈಯಿಂದ ಮಾಡಿಸೋದು ನಿಮಗೆ ಹೊಸ ಮೆಥಡ್ ಇರಬಹುದು, ಅವರಿಗೆ ಹೊಸದಲ್ಲ, ಕೂತ್ಕೊಂಡು ಚಾರ್ಟ್ ನೋಡೋದೇ ಅವರಿಗೆ ವಿಚಿತ್ರ.

ಇನ್ನೊಂದು ವಿಷ್ಯ ಗೊತ್ತಿರ್ಲಿ. ಹ್ಮಾಂಗ್ ಜನ ಮೊದ್ಲಿಂದ ಬೆಟ್ಟದ ಮೇಲಿನವರು, ಸಾವಿರ ಮೀಟರ್ ಎತ್ತರದ ಮೇಲೆ, ಬಿದಿರಿನ ದಬ್ಬೆಯಲ್ಲಿ ತೊರೆ ನೀರು ಮನೆ ಹತ್ರಕ್ಕೆ ತರ್ತಿದ್ರು, ಹರಿಯೋ ನೀರು, ಚಳಿ ಜಾಗ, ಈ ಸೊಳ್ಳೆ ಕಾಟ ಅಷ್ಟಾಗಿ ಇರ್ಲಿಲ್ಲ. ವಿಯೆಟ್ನಾಂ ಯುದ್ಧದ ಜೊತೆಗೇ ಲಾವೋಸ್‌ನಲ್ಲೂ ನಡೆದ ಯುದ್ಧ 1975ರಲ್ಲಿ ಮುಗಿದ್ಮೇಲೆ, ಆಮೇಲೆ ಸರ್ಕಾರದ ಪುನರ್ವಸತಿ ಅಂತ, ಎಷ್ಟೋ ಹಳ್ಳಿಗಳು ಕೆಳಗೆ ರಸ್ತೆ ಪಕ್ಕಕ್ಕೆ ಇಳಿದ್ವು. ಕೆಳಗೆ ಬಂದ್ಮೇಲೆ ಪೈಪಲ್ಲಿ ನೀರು ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ, ಅದಕ್ಕೆ ಇನ್ನೂರು ಲೀಟರ್ ಡ್ರಮ್ಮು, ಸಿಮೆಂಟ್ ಹಂಡೆ, ಬಚ್ಚಲಲ್ಲಿ ತೊಟ್ಟಿ. ಅಂದ್ರೆ ಅವರು ನೀರು ತುಂಬಿಸಿಡೋದು ಅಜ್ಞಾನದಿಂದಲ್ಲ, ನಾಳೆ ನೀರು ಬರುತ್ತೆ ಅನ್ನೋ ನಂಬಿಕೆ ಇಲ್ಲ ಅದಕ್ಕೆ. "ನೀರು ಶೇಖರಿಸಬೇಡಿ" ಅನ್ನೋ ಸಾಲು ನಿಮ್ ಫ್ಲಿಪ್‌ಚಾರ್ಟಲ್ಲಿ ಇದ್ರೆ ಅದನ್ನ ಹರಿದು ಹಾಕಿ, ಆ ಒಂದು ಮಾತಿಂದ ಉಳಿದ ಎಲ್ಲಾ ಮಾತಿಗೂ ಬೆಲೆ ಹೋಗುತ್ತೆ.

ಆಮೇಲೆ ಪರದೆ ವಿಷ್ಯ. ಮಲೇರಿಯಾ ಕಾರ್ಯಕ್ರಮದವರು ವರ್ಷಾನುಗಟ್ಟಲೆ ಸೊಳ್ಳೆ ಪರದೆ ಹಂಚಿದ್ದಾರೆ, ಅದು ಒಳ್ಳೇದೇ, ಆದ್ರೆ ಜನರ ತಲೇಲಿ ಸೊಳ್ಳೆ ಅಂದ್ರೆ ಕಾಡು, ರಾತ್ರಿ, ಪರದೆ ಅಂತ ಕೂತುಬಿಟ್ಟಿದೆ. ಡೆಂಗ್ಯೂ ತರೋ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತೆ, ಬೆಳಗ್ಗೆ ಬಿಸಿಲೇರೋ ಹೊತ್ತು ಮತ್ತೆ ಸಂಜೆ ಕತ್ತಲಾಗೋ ಮುಂಚೆ ಜಾಸ್ತಿ, ಮನೆ ಒಳಗೇ ಬಟ್ಟೆ ಹಿಂದೆ, ಮಂಚದ ಕೆಳಗೆ ಕೂತಿರುತ್ತೆ. ಹ್ಮಾಂಗ್ ಮನೆ ಲಾವೋ ಮನೆ ಥರ ಕಂಬದ ಮೇಲಲ್ಲ, ನೆಲದ ಮೇಲೇ ಕಟ್ಟಿರ್ತಾರೆ, ಕಿಟಕಿ ಕಮ್ಮಿ, ಒಳಗೆ ಕತ್ತಲು. ಸೊಳ್ಳೆಗೆ ಇದಕ್ಕಿಂತ ಹಿತವಾದ ಜಾಗ ಬೇಕಾ? ಪರದೆ ಬೇಡ ಅನ್ಬೇಡಿ, ಮಧ್ಯಾಹ್ನ ಮಲಗೋ ಕೂಸಿಗೆ, ಜ್ವರ ಬಂದವರಿಗೆ ಹಗಲಲ್ಲೂ ಕಟ್ಟಿ ಅಂತ ಹೇಳಿ.

ಶುರು ಮಾಡೋ ಮುಂಚೆ ಊರ ಮುಖ್ಯಸ್ಥ, ಅಲ್ಲಿ ನಾಯ್ ಬಾನ್ ಅಂತಾರೆ, ಅವರ ಹತ್ರ ಹೋಗಿ, ಜಿಲ್ಲಾ ಆರೋಗ್ಯ ಆಫೀಸಿಗೂ ಗೊತ್ತಿರ್ಲಿ. ಆದ್ರೆ ಅಷ್ಟೇ ಸಾಲದು. ಪ್ರತಿ ಕುಲಕ್ಕೂ ಒಬ್ಬ ಹಿರಿಯ ಇರ್ತಾರೆ, ಅವರನ್ನ ಬೇರೆಬೇರೆಯಾಗಿ ಕಂಡು ಕೂತು ಮಾತಾಡಿ, ಒಂದೇ ಕುಲದವರ ಮನೆಗಳಿಗೆ ಮಾತ್ರ ಹೋದ್ರೆ ಇನ್ನೊಂದು ಕುಲದವರು ಇದು ನಮ್ದಲ್ಲ ಅಂದ್ಕೋತಾರೆ. ಬಾಗಿಲಲ್ಲಿ ಹಸಿರು ಸೊಪ್ಪಿನ ಕೊಂಬೆ ಕಟ್ಟಿದ್ರೆ ಒಳಗೆ ಹೋಗ್ಬೇಡಿ, ಹೆರಿಗೆ ಆಗಿರುತ್ತೆ ಇಲ್ಲಾ ಪೂಜೆ ಆಗಿರುತ್ತೆ, ಹೊರಗಿನವರು ಬರಬಾರದು ಅಂತ ಅದರ ಗುರುತು. ಒಳಗೆ ಗೋಡೆ ಮೇಲೆ ಮನೆದೇವರ ಜಾಗ ಇರುತ್ತೆ, ತ್ಸಿ ನೆಂಗ್ ಅಂದ್ರೆ ಅವರ ಪೂಜಾರಿ-ವೈದ್ಯ, ಅವರ ಮನೆ ಪೀಠದಲ್ಲಿ ನೀರಿನ ಬಟ್ಟಲೂ ಇರುತ್ತೆ. ಅದರಲ್ಲಿ ಹುಳ ಇದ್ಯಾ ಅಂತ ಟಾರ್ಚ್ ಬಿಡೋಕೆ ಹೋಗ್ಬೇಡಿ! ಮೊದ್ಲು ಅವರನ್ನೇ ಪಾಠಕ್ಕೆ ಕರೀರಿ, ಹುಳ ನೋಡಿದ್ಮೇಲೆ ಆ ಬಟ್ಟಲಿಗೆ ಏನು ಮಾಡ್ಬೇಕು ಅಂತ ಅವರೇ ತೀರ್ಮಾನ ಮಾಡ್ತಾರೆ.

ಈಗ ಪಾಠ. ನನ್ನ ಪ್ರಕಾರ ಕಲಿಸ್ಬೇಕಾದ್ದು ಒಂದೇ ಸಂಗತಿ, ಮೊಟ್ಟೆ ನೀರಲ್ಲಿ ಇರಲ್ಲ, ಡ್ರಮ್ಮಿನ ಗೋಡೆ ಮೇಲೆ ಇರುತ್ತೆ. ಇದು ಗೊತ್ತಿಲ್ದೇ ಇದ್ರೆ ಜನ ನೀರು ಚೆಲ್ತಾರೆ, ಮತ್ತೆ ತುಂಬಿಸ್ತಾರೆ, ಮತ್ತೆ ಹುಳ, ಆಮೇಲೆ "ಇವರು ಹೇಳಿದ್ದು ಮಾಡಿದ್ವಿ, ಏನೂ ಆಗ್ಲಿಲ್ಲ" ಅಂತ ಬಿಟ್ಟುಬಿಡ್ತಾರೆ, ಅವರ ಮಾತು ಸರಿನೇ ಅಲ್ವಾ.

ಮೊದಲ ದಿನ ಬರೀ ನೋಡೋದು. ಮಕ್ಕಳ ಜೊತೆ ಅವರವರ ತಾಯಿನೋ ಅಜ್ಜಿನೋ ಬರ್ಲಿ. ಡ್ರಮ್ಮಿಗೆ ಟಾರ್ಚ್ ಬಿಟ್ರೆ ಹುಳ ಬೆಳಕಿಗೆ ಹೆದರಿ ಕುಣೀತಾ ತಳಕ್ಕೆ ಓಡುತ್ತೆ, ಒಂದು ನಿಮಿಷ ಸುಮ್ನಿದ್ರೆ ಉಸಿರಾಡೋಕೆ ಮತ್ತೆ ಮೇಲೆ ಬರುತ್ತೆ, ಆಗ ಬಿಳಿ ಬಟ್ಟಲಲ್ಲಿ ಗಬಕ್ಕನೆ ಬಾಚಿ. ಎಲ್ಲಾ ಮನೆದೂ ಸೇರಿಸಿ ಒಂದೇ ಪಾರದರ್ಶಕ ಬಾಟಲಿಗೆ ಹಾಕಿ, ಇದು ಇಂಥವರ ಮನೇದು ಅಂತ ಎಲ್ಲರೆದುರು ಹೇಳ್ಬೇಡಿ, ಮರ್ಯಾದೆ ಹೋದ್ರೆ ಆ ಮನೆ ಬಾಗಿಲು ಮತ್ತೆ ತೆರೆಯಲ್ಲ. ಬಾಟಲಿ ಬಾಯಿಗೆ ಪರದೆ ಬಟ್ಟೆ ಎರಡು ಪದರ ಹಾಕಿ ರಬ್ಬರ್ ಬ್ಯಾಂಡ್ ಬಿಗಿದು ಶಾಲೇಲಿ ಇಡಿ, ಒಂಚೂರು ಅನ್ನದ ಪುಡಿ ಹಾಕಿದ್ರೆ ಬೆಳೀತವೆ. ಬೇಸಿಗೆ-ಮಳೆಗಾಲದ ಸೆಕೆಗೆ ಮೊಟ್ಟೆಯಿಂದ ಸೊಳ್ಳೆ ಆಗೋಕೆ ಏಳರಿಂದ ಹತ್ತು ದಿನ ಸಾಕು. ಹುಳ ಸುರುಳಿ ಸುತ್ಕೊಂಡು ಅಲ್ಪವಿರಾಮ ಚಿಹ್ನೆ ಥರ ಆದ್ರೆ ಅದು ಪ್ಯೂಪಾ, ಏನೂ ತಿನ್ನಲ್ಲ, ಒಂದೆರಡು ದಿನದಲ್ಲಿ ಅದರ ಬೆನ್ನು ಬಿರಿದು ಸೊಳ್ಳೆ ಆಚೆ ಬರುತ್ತೆ, ಖಾಲಿ ಸಿಪ್ಪೆ ನೀರ ಮೇಲೆ ತೇಲ್ತಿರುತ್ತೆ, ಸೊಳ್ಳೆ ಕಾಲ್ಗಳ ಮೇಲೆ ಬಿಳಿ ಪಟ್ಟೆ ಕಾಣುತ್ತೆ. ಅದನ್ನ ಕಣ್ಣಾರೆ ನೋಡಿದ ಮಗು ಮನೆಗೆ ಹೋಗಿ ಏನು ಹೇಳುತ್ತೋ ಅದನ್ನ ನಾವು ನೀವು ಹೇಳೋಕಾಗಲ್ಲ. ಎಷ್ಟೋ ಜನಕ್ಕೆ ಡ್ರಮ್ಮಿನ ಹುಳ ಬೇರೆ, ಸೊಳ್ಳೆ ಬೇರೆ, ಎರಡಕ್ಕೂ ಸಂಬಂಧನೇ ಇಲ್ಲ ಅನ್ನೋ ನಂಬಿಕೆ ಇರುತ್ತೆ. ಸೊಳ್ಳೆ ಬಂದ್ಮೇಲೆ ಬಾಟಲಿ ತೆಗೀಬೇಡಿ, ಪರದೆ ಮೇಲಿಂದಲೇ ಕುದಿಯೋ ನೀರು ಹುಯ್ದು ಸಾಯಿಸಿ, ಇದನ್ನ ದೊಡ್ಡವರೇ ಮಾಡ್ಬೇಕು.

ಎರಡನೇದು ಮೊಟ್ಟೆ ಪಟ್ಟಿ, ಇದಕ್ಕೆ ಜಾಸ್ತಿ ಟೈಮ್ ಕೊಡಿ, ನನಗೆ ಕೇಳಿದ್ರೆ ಇಡೀ ಪಾಠದ ಜೀವ ಇದರಲ್ಲೇ ಇದೆ. ಒಂದು ಡಬ್ಬಿಗೆ ಒಳಗೂ ಹೊರಗೂ ಕಪ್ಪು ಬಣ್ಣ ಹಚ್ಚಿ, ಅರ್ಧ ನೀರು ತುಂಬಿ, ಒಳಗೋಡೆಗೆ ಒರಟು ಬಿಳಿ ಬಟ್ಟೆ ಪಟ್ಟಿ ಸುತ್ತಿ, ಪಟ್ಟಿ ಅರ್ಧ ನೀರಲ್ಲಿ ಅರ್ಧ ಮೇಲೆ ಇರ್ಬೇಕು. ಮನೆ ಹತ್ರ ನೆರಳಲ್ಲಿ ಇಡಿ. ನಾಲ್ಕನೇ ದಿನಕ್ಕೆ ತೆಗೀರಿ, ಮರೆತು ವಾರದ ಮೇಲೆ ಬಿಟ್ರೆ ನೀವೇ ಊರಿಗೆ ಸೊಳ್ಳೆ ಸಾಕಿದಂಗೆ. ನೀರಿನ ಗೆರೆಯಿಂದ ಒಂಚೂರು ಮೇಲೆ ಕಪ್ಪಗೆ ಗಸಗಸೆಗಿಂತ ಸಣ್ಣ ಚುಕ್ಕೆ ಸಾಲು ಕಾಣುತ್ತೆ. ಭೂತಗನ್ನಡಿ ಕೊಡಿ, ಹೆಂಗಸರೇ ಮೊದ್ಲು ಗುರುತಿಸ್ತಾರೆ ನೋಡಿ, ಕಸೂತಿ ಕಣ್ಣು ಅವರದ್ದು. ಇಲ್ಲೊಂದು ಕಿವಿಮಾತು, ಪಟ್ಟಿನ ಆಗಲೇ ಒಣಗಿಸ್ಬೇಡಿ, ಒಳಗೆ ಮರಿ ರೂಪ ತಾಳೋಕೆ ಎರಡು ಮೂರು ದಿನ ತೇವ ಬೇಕು, ಒದ್ದೆ ಬಟ್ಟೆ ಜೊತೆ ಪ್ಲಾಸ್ಟಿಕ್ ಕವರಲ್ಲಿಟ್ಟು ಆಮೇಲೆ ನೆರಳಲ್ಲಿ ಒಣಗಿಸಿ. ಒಣಗಿದ ಪಟ್ಟಿನ ಕವರಲ್ಲಿ ಹಾಕಿ ಶಾಲೆ ಗೋಡೆಗೆ ಎಲ್ಲರಿಗೂ ಕಾಣೋ ಥರ ನೇತುಹಾಕಿ, ಎರಡು ಮೂರು ವಾರ ಸುಮ್ನೆ ಬಿಡಿ. ಆಮೇಲೆ ಒಂದು ದಿನ ಎಲ್ಲರನ್ನೂ ಕರ್ದು, ಇದು ಸತ್ತಿದೆಯಾ ಬದುಕಿದೆಯಾ ಅಂತ ಕೇಳಿ. ಸತ್ತಿದೆ ಅಂತಲೇ ಹೇಳ್ತಾರೆ. ಒಣಎಲೆ ನೆನೆಸಿಟ್ಟ ನೀರಲ್ಲಿ ಆ ಪಟ್ಟಿ ಮುಳುಗಿಸಿ. ಬರೀ ಶುದ್ಧ ನೀರಿಗಿಂತ ಎಲೆ ಕೊಳೆತ ನೀರಲ್ಲಿ ಬೇಗ ಒಡೀತವೆ, ಕೆಲವು ಗಂಟೇಲೇ, ಇಲ್ಲಾಂದ್ರೆ ಮರುದಿನಕ್ಕೆ, ಎಳೆ ಥರ ಹುಳಗಳು ಓಡಾಡ್ತಿರ್ತವೆ. ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತೆ, ಬೇಸಿಗೆ ಪೂರ್ತಿ ಖಾಲಿ ಬಿದ್ದಿರೋ ಡ್ರಮ್ಮಿಗೆ ಮೊದಲ ಮಳೆ ಬಿದ್ರೆ ಸಾಕು. ಕೆಲಸ ಮುಗಿದ್ಮೇಲೆ ಪಟ್ಟಿನ ಒಲೆಗೆ ಹಾಕಿಸಿ, ಎಲ್ಲರೆದುರೇ.

ಅಷ್ಟಾದ್ಮೇಲೆ ಬ್ರಷ್ ಕೈಗೆ ಕೊಡಿ, ಹೇಳೋದೇ ಬೇಕಾಗಲ್ಲ. ವಾರಕ್ಕೊಂದು ಸಲ, ನೀರು ಕಮ್ಮಿ ಆಗಿರೋ ಹೊತ್ತಲ್ಲಿ, ನೀರಿನ ಗೆರೆ ಇರೋ ಜಾಗ ಗಟ್ಟಿಯಾಗಿ ಉಜ್ಜಿ ತೊಳೆದು ಆ ನೀರು ಮಣ್ಣಿಗೆ ಚೆಲ್ಲೋದು. ಹೊಂಡುರಾಸ್ ದೇಶದಲ್ಲಿ ಬಟ್ಟೆ ತೊಳೆಯೋ ಬ್ಲೀಚ್ ಜೊತೆ ಸೋಪಿನ ಪುಡಿ ಕಲಸಿ ತೊಟ್ಟಿ ಗೋಡೆಗೆ ಹಚ್ಚಿಟ್ಟು ಆಮೇಲೆ ಉಜ್ಜೋ ಪದ್ಧತಿ ಮಾಡಿದ್ರು, ಮೊಟ್ಟೆ ಸಾಯ್ತವೆ, ಆದ್ರೆ ಅದು ಬಚ್ಚಲ ತೊಟ್ಟಿಗೆ ಸರಿ, ಕುಡಿಯೋ ನೀರಿನ ಹಂಡೆಗೆ ಬರೀ ಬ್ರಷ್ಷೇ ಸಾಕು.

ಆದ್ರೆ ಯಾವುದನ್ನ ಉಜ್ಜೋದು? ಊರಲ್ಲಿ ನೀರು ನಿಲ್ಲೋ ಪಾತ್ರೆ ನೂರಾರು, ಎಲ್ಲದರ ಹಿಂದೆ ಓಡಿದ್ರೆ ಎರಡೇ ವಾರಕ್ಕೆ ಸುಸ್ತು. ಇಲ್ಲಿ ಮೆಕ್ಕೆಜೋಳ ತಗೊಳ್ಳಿ, ಅಲ್ಲಿ ಯಾರ ಮನೇಲೂ ಇರುತ್ತೆ. ಶಾಲೆ ಅಂಗಳದಲ್ಲಿ ಊರಿನ ನಕ್ಷೆ ಕಡ್ಡಿಲಿ ಗೀಚಿ, ಪ್ರತಿ ಪಾತ್ರೇಲಿ ಸಿಕ್ಕಿದ ಒಂದೊಂದು ಪ್ಯೂಪಾಗೆ ಒಂದೊಂದು ಕಾಳು ಇಡಿಸಿ, ಮನೆ ಗುರುತು ಹಾಕದೆ ಪಾತ್ರೆ ಗುರುತು ಮಾತ್ರ. ಹುಳ ಎಣಿಸ್ಬೇಡಿ, ಅರ್ಧಕ್ಕರ್ಧ ಸಾಯ್ತವೆ, ಪ್ಯೂಪಾ ಆದದ್ದು ಬಹುಪಾಲು ಸೊಳ್ಳೆ ಆಗುತ್ತೆ. ಚಿಪ್ಪು, ಬಾಟಲಿ ಮುಚ್ಚಳದ ಹತ್ರ ಒಂದೆರಡು ಕಾಳು, ಡ್ರಮ್ಮು, ತೊಟ್ಟಿ, ಹಳೆ ಟೈರಿನ ಹತ್ರ ಗುಡ್ಡೆ, ಸಾಮಾನ್ಯವಾಗಿ ಹಾಗೇ ಆಗುತ್ತೆ. ಗುಡ್ಡೆ ಎಲ್ಲಿದೆಯೋ ಅಲ್ಲಿಗೆ ಬ್ರಷ್ಷು. ಇರುವೆ ಬರ್ದೇ ಇರ್ಲಿ ಅಂತ ಬೀರು ಕಾಲಡಿ ಇಡೋ ನೀರಿನ ಬಟ್ಟಲನ್ನೂ ನೋಡಿ, ನಮ್ಮ ಹಳೇ ಅಡುಗೆಮನೆಗಳಲ್ಲೂ ಇತ್ತಲ್ಲ, ಅದಕ್ಕೆ ನೀರಿನ ಬದ್ಲು ಒಂಚೂರು ಉಪ್ಪು ಇಲ್ಲಾ ಸೋಪು ನೀರು. ಕೋಳಿ ಬಟ್ಟಲಿನ ನೀರು ದಿನಾ ಚೆಲ್ಲಿ ಬದ್ಲಾಯಿಸಿದ್ರೆ ತೊಂದ್ರೆ ಇಲ್ಲ, ಮರೆತು ಬಿಟ್ಟ ಬಟ್ಟಲೇ ತಾಪತ್ರಯ.

ಮುಚ್ಚಳದ ಬಗ್ಗೆ ಒಂದು ಮಾತು. ಅಡ್ಡಾದಿಡ್ಡಿ ಹಲಗೆ ಮುಚ್ಚಿದ್ರೆ ಸೊಳ್ಳೆಗೆ ಅದು ಇನ್ನೂ ಅನುಕೂಲ, ನೆರಳು ಸಿಕ್ತು, ಒಳಗೆ ಹೋಗೋಕೆ ಸಂದಿನೂ ಇದೆ. ಪರದೆ ಬಟ್ಟೆಗೆ ಸುತ್ತ ಎಲಾಸ್ಟಿಕ್ ಹೊಲಿದು ಬಿಗಿಯಾಗಿ ಕೂರೋ ಮುಚ್ಚಳ ಮಾಡ್ಬೇಕು, ಮತ್ತೆ ಅದರ ಮೇಲಿಂದಲೇ ಚೊಂಬು ಹಾಕೋಕೆ ಆಗಲ್ಲ ಅನ್ನೋ ದೂರು ಬಂದೇ ಬರುತ್ತೆ, ಅದನ್ನ ಹೇಗೆ ಸರಿಮಾಡೋದು ಅಂತ ಅಲ್ಲಿನ ಹೆಂಗಸರಿಗೇ ಬಿಡಿ. ಹ್ಮಾಂಗ್ ಹೆಂಗಸರ ಹೊಲಿಗೆ ಬಗ್ಗೆ ನಾನು ಹೇಳ್ಬೇಕಾಗಿಲ್ಲ, 1975ರ ನಂತರ ಥಾಯ್ಲೆಂಡಿನ ನಿರಾಶ್ರಿತ ಶಿಬಿರಗಳಲ್ಲಿ ಯುದ್ಧದ ಕಥೆ, ಮೆಕಾಂಗ್ ನದಿ ದಾಟಿದ ಕಥೆ ಎಲ್ಲಾ ಬಟ್ಟೆ ಮೇಲೆ ಕಸೂತಿ ಮಾಡಿದವರು ಅವರು. ಇಂಥ ಬಟ್ಟೇಲಿ ಸೊಳ್ಳೆಯ ನಾಲ್ಕು ಅವಸ್ಥೆ ಹೊಲಿಸ್ಬೇಕು ಅನ್ನಿಸಿದ್ರೆ ಹೊಲಿಸಿ, ಕೂಲಿ ಕೊಟ್ಟು ಹೊಲಿಸಿ, ಪುಗಸಟ್ಟೆ ಅಲ್ಲ.

ಮೀನು ಬಿಡ್ಬಹುದಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಲಾವೋಸ್ ಮತ್ತೆ ಕಾಂಬೋಡಿಯಾದಲ್ಲಿ ನೀರಿನ ಹಂಡೆಗಳಿಗೆ ಗಪ್ಪಿ ಬಿಡೋ ಕೆಲಸ ಆಗಿದೆ, ನಮ್ಮಲ್ಲೂ ಗಪ್ಪಿ ಬಿಡ್ತಾರೆ. ಬಟ್ಟೆ-ಪಾತ್ರೆ ತೊಳೆಯೋ ತೊಟ್ಟಿಗೆ ಎರಡು ಮೂರು ಬಿಡಿ, ಮಕ್ಕಳಿಗಂತೂ ಖುಷಿ, ಹುಳ ನುಂಗೋದನ್ನ ನೋಡೋದೇ ಒಂದು ಪಾಠ. ತೊರೆಗೆ ಮಾತ್ರ ಬಿಡ್ಬೇಡಿ, ಅಲ್ಲಿನ ಮೀನಿಗೆ ಕುತ್ತು. ವಿಯೆಟ್ನಾಂನಲ್ಲಿ ಮೆಸೊಸೈಕ್ಲಾಪ್ಸ್ ಅನ್ನೋ, ಸೊಳ್ಳೆ ಹುಳ ತಿನ್ನೋ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಜೀವಿ ಬಿಟ್ಟು, ಊರವರನ್ನೇ ಸೇರಿಸ್ಕೊಂಡು, ಎಷ್ಟೋ ಹಳ್ಳಿಗಳಲ್ಲಿ ಈಡಿಸ್ ಇಲ್ಲದಂಗೆ ಮಾಡಿದ್ರು, 2005ರ ಹೊತ್ತಿಗೆ ಅದರ ಫಲಿತಾಂಶ ದೊಡ್ಡ ಸುದ್ದಿಯಾಗಿತ್ತು. ನೀರಿನ ಹುಳ ಸಾಯಿಸೋ ಟೆಮೆಫೋಸ್ ಮರಳು ಪುಡಿ ಇಲಾಖೆಯವರು ಕೊಟ್ರೆ ಹಾಕಿಸ್ಕೊಳ್ಳಿ, ಆದ್ರೆ ಲಾವೋಸ್‌ನ ಈಡಿಸ್ ಸೊಳ್ಳೆಗಳಲ್ಲಿ ಅದಕ್ಕೂ, ಹೊಗೆ ಹಾಕೋ ಔಷಧಿಗೂ ಪ್ರತಿರೋಧ ಕಂಡುಬಂದಿದೆ, ಅದನ್ನೇ ನಂಬ್ಕೊಂಡು ಬ್ರಷ್ ಮೂಲೆಗಿಡೋ ಹಾಗಿಲ್ಲ. ದಂಡದ ವಿಷ್ಯ ಯಾರಾದ್ರೂ ತೆಗೆದ್ರೆ, 2024ರಲ್ಲಿ ಕರ್ನಾಟಕದಲ್ಲಿ ಸೊಳ್ಳೆ ಬೆಳೆಸೋ ಮನೆಗೆ ಸಿಟೀಲಿ 400, ಹಳ್ಳೀಲಿ 200 ರೂಪಾಯಿ ಅಂತ ಮಾಡಿದ್ರಲ್ಲ, ಅದು ಸರ್ಕಾರ ಮಾಡೋ ಕೆಲಸ, ವಾಲಂಟಿಯರ್ ಬಾಯಲ್ಲಿ ಆ ಮಾತು ಬರ್ಲೇಬಾರದು.

ಷಿಯೆಂಗ್ ಖ್ವಾಂಗ್ ಬಗ್ಗೆ ಇದನ್ನ ದಯವಿಟ್ಟು ಎರಡು ಸಲ ಓದಿ. ಇಂಟರ್ನೆಟ್ಟಲ್ಲಿ ಸಿಗೋ ಡೆಂಗ್ಯೂ ಚಟುವಟಿಕೆಗಳಲ್ಲೆಲ್ಲಾ ಮಕ್ಕಳನ್ನ ಊರ ಸುತ್ತ ಕಳ್ಸಿ ಡಬ್ಬಿ, ಕಸ ಆಯ್ಸೋದು ಇದ್ದೇ ಇರುತ್ತೆ. ಅಲ್ಲಿ ಅದನ್ನ ಮಾಡಿಸ್ಲೇಬೇಡಿ. 1964ರಿಂದ 1973ರವರೆಗೆ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗಿಂತ ಜಾಸ್ತಿ ಬಾಂಬ್ ಹಾಕಿದೆ, ಚೆಂಡಿನಷ್ಟಿರೋ ಕ್ಲಸ್ಟರ್ ಬಾಂಬ್ ಮರಿಗಳೇ 27 ಕೋಟಿ, ಅದರಲ್ಲಿ ನೂರಕ್ಕೆ ಮೂವತ್ತರವರೆಗೂ ಸಿಡೀದೆ ಉಳಿದಿರಬಹುದು ಅಂತ ಲೆಕ್ಕ, ಷಿಯೆಂಗ್ ಖ್ವಾಂಗ್ ಅತಿ ಹೆಚ್ಚು ಬಾಂಬ್ ಬಿದ್ದ ಪ್ರಾಂತ್ಯಗಳಲ್ಲಿ ಒಂದು. ಅಲ್ಲಿನ ಜನ ದೊಡ್ಡ ಬಾಂಬಿನ ಖಾಲಿ ಕವಚವನ್ನ ಕುಂಡ, ತೊಟ್ಟಿ ಮಾಡ್ಕೊಂಡಿರ್ತಾರೆ, ಅದರಲ್ಲಿ ಮಳೆನೀರು ನಿಂತು ಹುಳ ಆಗಿರೋದೂ ಉಂಟು, ಮನೆ ಅಂಗಳದಲ್ಲಿರೋದನ್ನ ದೊಡ್ಡವರ ಜೊತೆ ನೋಡಿ ಸಾಕು. ಪೊದೆ, ಹೊಲದ ಅಂಚು, ಹಳ್ಳದ ದಡ ಇಲ್ಲೆಲ್ಲಾ ಮಕ್ಕಳು ಹುಡುಕೋದು ಬೇಡ, ಬಾಂಬ್ ತೆರವು ತಂಡದವರು ಶಾಲೆಗೆ ಬಂದು ಪಾಠ ಮಾಡ್ತಾರಲ್ಲ, ಅವರ ಜೊತೆ ಮಾತಾಡ್ದೇ ಅಲ್ಲಿ ಏನೂ ಶುರು ಮಾಡ್ಬೇಡಿ. ಈಡಿಸ್ ಸಾಮಾನ್ಯವಾಗಿ ಮನೆಯಿಂದ ನೂರು ಇನ್ನೂರು ಮೀಟರ್ ಒಳಗೇ ಓಡಾಡೋ ಸೊಳ್ಳೆ, ದೂರ ಹೋಗಿ ಹುಡುಕೋ ಅಗತ್ಯವೂ ಇಲ್ಲ.

ಪೂಜೆ ವಿಷ್ಯಕ್ಕೆ ಬರ್ತೀನಿ. ಬೇಡ ಅನ್ನಬೇಡಿ. ಜ್ವರ ಬಂದ್ರೆ ಜೀವಾತ್ಮ ಎಲ್ಲೋ ತಪ್ಪಿಸ್ಕೊಂಡಿದೆ, ಅದನ್ನ ವಾಪಸ್ ಕರೀಬೇಕು ಅಂತ ಹು ಪ್ಲಿ ಮಾಡ್ತಾರೆ, ಕೈಗೆ ದಾರ ಕಟ್ತಾರೆ. ಅದರಿಂದ ರೋಗಿಗೆ ಏನೂ ನಷ್ಟ ಇಲ್ಲ, ಧೈರ್ಯ ಬರುತ್ತೆ, ಮನೆಮಂದಿ ಸುತ್ತ ಸೇರ್ತಾರೆ. ನಷ್ಟ ಆಗೋದು ಆಸ್ಪತ್ರೆಗೆ ಹೋಗೋದು ತಡ ಆದ್ರೆ. ಹಾಗಾಗಿ ತ್ಸಿ ನೆಂಗ್ ಹತ್ರ ಕೇಳ್ಬೇಕಾದ್ದು ಇಷ್ಟೇ, ನೀವು ದಾರ ಕಟ್ಟಿ, ಜೊತೆಗೆ ಇಂಥ ಲಕ್ಷಣ ಕಂಡ್ರೆ ಆಸ್ಪತ್ರೆಗೆ ಕಳ್ಸಿ. ಅವರ ಮಾತಿಗಿರೋ ತೂಕ ನಮ್ಮ ಮಾತಿಗಿಲ್ಲ. ಆದ್ರೆ ಜ್ವರಕ್ಕೆ ಮದ್ದು ಅಂತ ಸೂಜಿ ಚುಚ್ಚಿ ರಕ್ತ ಬಿಡೋದು ಡೆಂಗ್ಯೂಲಿ ಅಪಾಯ, ಇದನ್ನ ಮಾತ್ರ ಬೇಡ ಅಂತ ಸ್ಪಷ್ಟವಾಗಿ ಹೇಳಿ. ಜ್ವರ ಇಳೀಲಿ ಅಂತ ನಾಣ್ಯದಲ್ಲಿ ಮೈ ಉಜ್ಜಿದ್ರೆ ಕೆಂಪು ಗೆರೆ ಏಳುತ್ತೆ, ಅದು ರಕ್ತಸ್ರಾವದ ಗುರುತೇನೋ ಅಂತ ಡಾಕ್ಟ್ರಿಗೆ ಗೊಂದಲ ಆಗುತ್ತೆ, ಉಜ್ಜಿದ್ವಿ ಅಂತ ಹೇಳ್ಲಿ ಸಾಕು.

ಜ್ವರದ ಪಾಠವನ್ನೂ ಕೈಯಲ್ಲೇ ಮಾಡಿಸಿ. ಇದರಲ್ಲಿ ಜನ ಮೋಸ ಹೋಗೋ ಜಾಗ ಒಂದೇ, ಜ್ವರ ಇಳಿದ ದಿನ. ಜ್ವರ ಇಳೀತು, ಹುಷಾರಾಯ್ತು ಅಂತ ಹೊಲಕ್ಕೆ ಹೋಗ್ತಾರೆ, ಆದ್ರೆ ಡೆಂಗ್ಯೂಲಿ ಮೂರರಿಂದ ಏಳನೇ ದಿನದ ನಡುವೆ, ಜ್ವರ ಇಳಿಯೋ ಹೊತ್ತಲ್ಲೇ ರಕ್ತನಾಳದಿಂದ ನೀರು ಸೋರಿ ಬಿಪಿ ಬೀಳೋದು. ಒಂದು ದಾರಕ್ಕೆ ಜ್ವರ ಬಂದ ದಿನದಿಂದ ದಿನಕ್ಕೊಂದು ಗಂಟು ಹಾಕೋದನ್ನ ಅಭ್ಯಾಸ ಮಾಡಿಸಿ, ಜ್ವರ ಇಳಿದ್ಮೇಲೂ ಎರಡು ಗಂಟು ಬೀಳೋವರೆಗೆ ಕಣ್ಣಿಟ್ಟಿರ್ಬೇಕು. ಹೊಟ್ಟೆ ಜೋರು ನೋವು, ನಿಲ್ಲದ ವಾಂತಿ, ವಸಡಲ್ಲಿ ಮೂಗಲ್ಲಿ ರಕ್ತ, ಕೈಕಾಲು ತಣ್ಣಗೆ, ಮಗು ಮಂಕಾಗೋದು ಇಲ್ಲಾ ಚಡಪಡಿಸೋದು, ಆರು ಗಂಟೆಯಾದ್ರೂ ಉಚ್ಚೆ ಹೋಗದಿರೋದು, ಯಾವುದೊಂದು ಕಂಡ್ರೂ ಆಗಲೇ ಹೊರಡೋದು. ಓಆರ್‌ಎಸ್ ಒಂದು ಪ್ಯಾಕೆಟ್‌ಗೆ ಎಷ್ಟು ನೀರು ಅಂತ ಅವರ ಮನೆ ಪಾತ್ರೇಲೇ ಅಳೆಸಿ ಗುರುತು ಹಾಕಿಸಿ.

ಮಾತ್ರೆದೂ ಒಂದು ಕೂಟ ಇಡಿ. ಅಲ್ಲಿ ಅಂಗಡಿಗಳಲ್ಲಿ ನಾಲ್ಕೈದು ಥರ ಮಾತ್ರೆ ಒಂದೇ ಪೊಟ್ಟಣದಲ್ಲಿ ಹಾಕಿ ಜ್ವರಕ್ಕೆ ಅಂತ ಕೊಟ್ಬಿಡ್ತಾರೆ. ಮನೇಲಿರೋ ಮಾತ್ರೆ ಎಲ್ಲಾ ತನ್ನಿ ಅಂತ ಹೇಳಿ, ಹೆಲ್ತ್ ಸೆಂಟರ್ ನರ್ಸ್ ಜೊತೆ ಕೂತು ವಿಂಗಡಿಸಿ. ಪ್ಯಾರಾಸಿಟಮಾಲ್ ಒಂದು ಕಡೆ, ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇನ್ನೊಂದು ಕಡೆ, ರಕ್ತಸ್ರಾವ ಜಾಸ್ತಿ ಮಾಡೋ ಇವು ಡೆಂಗ್ಯೂ ಜ್ವರಕ್ಕೆ ಕೂಡದು. ಗುರುತೇ ಸಿಗದ ಮಾತ್ರೆಗಳದ್ದೇ ದೊಡ್ಡ ಗುಡ್ಡೆ ಆಗುತ್ತೆ, ಅದನ್ನ ನರ್ಸ್ ತಗೊಂಡು ಹೋಗ್ಲಿ.

ಟೈಮಿಂಗ್ ಹೇಳಿ ಮುಗಿಸ್ತೀನಿ. ಲಾವೋಸ್‌ನಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ, ಕೇಸ್ ಏರೋದೂ ಆಗಲೇ, 2013ರಲ್ಲಂತೂ 44 ಸಾವಿರಕ್ಕೂ ಹೆಚ್ಚು ಕೇಸ್, 95 ಸಾವು ಆಗಿತ್ತು. ನೀವು ಏಪ್ರಿಲ್‌ನಲ್ಲೇ ಶುರು ಮಾಡಿ. ನಾಟಿ-ಕಳೆ ಟೈಮಲ್ಲಿ ಎಷ್ಟೋ ಮನೆಯವರು ಹೊಲದ ಗುಡಿಸಲಲ್ಲೇ ದಿನಗಟ್ಟಲೆ ಉಳ್ಕೋತಾರೆ, ಊರ ಮನೇಲಿ ಡ್ರಮ್ ತುಂಬಿದ ನೀರು ಅಲುಗಾಡದೆ ನಿಂತಿರುತ್ತೆ, ಹೊರಡೋ ಮುಂಚೆ ಖಾಲಿ ಮಾಡಿ ಉಜ್ಜಿ ಬೋರಲು ಹಾಕೋದನ್ನ ಬುತ್ತಿ ಕಟ್ಟೋ ಕೆಲಸದ ಜೊತೆಗೇ ಸೇರಿಸಿ. ಸಭೆ ಹಗಲಲ್ಲಿ ಇಟ್ರೆ ಮುದುಕರು ಮಕ್ಕಳು ಮಾತ್ರ ಬರ್ತಾರೆ, ಸಂಜೆ ಊಟ ಆದ್ಮೇಲೆ ಇಡಿ, ಊರ ಮೈಕಲ್ಲಿ ಬೆಳಗ್ಗೆ ಹ್ಮಾಂಗ್ ಭಾಷೇಲಿ ಕೂಗಿಸಿ. ಎರಡು ತಿಂಗಳಾದ್ಮೇಲೆ ಪಾಠ ನಾಟಿದ್ಯಾ ಅಂತ ನೋಡೋಕೆ ಪ್ರಶ್ನೆಪತ್ರಿಕೆ ಮಾಡ್ಬೇಡಿ, ಬಾಯಲ್ಲಿ ಎಲ್ಲರೂ ಸರಿಯಾಗೇ ಹೇಳ್ತಾರೆ. ಅದೇ ಡ್ರಮ್ಮುಗಳಿಗೆ ಟಾರ್ಚ್ ಬಿಟ್ಟು ಮಕ್ಕಳ ಕೈಲೇ ಪ್ಯೂಪಾ ಎಣಿಸಿ, ಮೊದಲ ಸಲದ ಕಾಳಿನ ಲೆಕ್ಕ ಬರ್ದಿಟ್ಟಿರ್ತೀರಲ್ಲ, ಅದರ ಪಕ್ಕ ಇದನ್ನ ಬರೀರಿ. ಕಮ್ಮಿ ಆಗದ ಪಾತ್ರೆ ಯಾವುದು, ಯಾಕೆ ಅಂತ ಆ ಮನೆಯವರನ್ನ ಪಕ್ಕಕ್ಕೆ ಕರ್ದು ಕೇಳಿ, ಬಹುಶಃ ಡ್ರಮ್ ಎತ್ತೋಕಾಗದಷ್ಟು ಭಾರ ಇರುತ್ತೆ ಇಲ್ಲಾ ಬ್ರಷ್ ತಳ ಮುಟ್ಟಲ್ಲ, ಉದ್ದ ಬಿದಿರು ಕಡ್ಡಿಗೆ ಕಟ್ಟಿಕೊಟ್ರೆ ಆಯ್ತು.